ಇಳಿತದಲ್ಲಿ ನ್ಯೂಟ್ರಲ್ ಬೇಡ: ಹಿಡಿಯಕ್ಕೆ ಇಂಜಿನ್, ನಿಲ್ಲಿಸಕ್ಕೆ ಬ್ರೇಕ್



ಎರಡನೇ ಸಲ ಬೋರ್ಡೋ ಹೊಡೆದದ್ದರ ಬಗ್ಗೆ ಈ ವಾರ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕೆ ಇರಲಿ. ಇವತ್ತು ತೋಟದ ವಿಷಯ ಅಲ್ಲ, ಬೈಕಿನ ಬ್ರೇಕಿನ ವಿಷಯ. ಹಾಗಂತ ಇದು ನಮಗೆ ಸಂಬಂಧ ಇಲ್ಲದ್ದೂ ಅಲ್ಲ. ಮಲೆನಾಡಿನ ರೈತನಿಗೆ ಬೈಕು ಅಂದ್ರೆ ಕತ್ತಿ, ಗುದ್ದಲಿ ಇದ್ದ ಹಾಗೆ. ಹಾಲು ಡೈರಿಗೆ ಹೋಗೋದು ಅದರ ಮೇಲೆ, ಮೈಲುತುತ್ತದ ಚೀಲ ಪೇಟೆಯಿಂದ ಬರೋದು ಅದರ ಮೇಲೆ, ಜ್ವರ ಬಂದವರು ಆಸ್ಪತ್ರೆಗೆ ಹೋಗೋದೂ ಅದರ ಮೇಲೇ. ಕತ್ತಿ ಮಸೆಯೋದು ಹೇಗೆ ಅಂತ ಮಕ್ಕಳಿಗೆ ಹೇಳಿಕೊಡ್ತೇವೆ. ಗುಡ್ಡದಲ್ಲಿ ಗಾಡಿ ಇಳಿಸೋದು ಹೇಗೆ ಅಂತ ಸರಿಯಾಗಿ ಹೇಳಿಕೊಡೋರು ಕಮ್ಮಿ.

ಮೊನ್ನೆ ಭಾನುವಾರ ನಮ್ಮ ಜಗಲಿಯಲ್ಲಿ ಇದರ ಮೇಲೇ ಒಂದು ವಾದ ಆಯ್ತು. ಮಗಳಿಗೆ ಹೆಬ್ರಿ ಕಡೆ ಕೆಲಸ ಸಿಕ್ಕಿದೆ. ವಾರದ ಕೊನೆಗೆ ಊರಿಗೆ ಬಂದು ಹೋಗೋದು ಸ್ಕೂಟರಲ್ಲೇ ಅಂತ ಅವಳ ಹಟ. ಅಂದ್ರೆ ಆಗುಂಬೆ ಘಾಟಿ ಇಳೀಬೇಕು, ಹತ್ತಬೇಕು. 14 ಹೇರ್‌ಪಿನ್ ತಿರುವು. "ಇಳಿಯುವಾಗ ಬ್ರೇಕ್ ಒಂದನ್ನೇ ನಂಬಿ ಕೂರಬೇಡ, ಇಂಜಿನ್ ಹಿಡಿತದಲ್ಲಿ ಇಳಿ" ಅಂದೆ. ಅಲ್ಲೇ ಕೂತಿದ್ದ ತಮ್ಮನ ಮಗ ನಕ್ಕ.

"ಅದೆಲ್ಲ ಹಳೇ ಕಾಲದ್ದು ದೊಡ್ಡಪ್ಪ. ಬ್ರೇಕ್ ಇರೋದೇ ನಿಲ್ಸಕ್ಕೆ, ಇಂಜಿನ್ ಇರೋದು ಎಳೆಯಕ್ಕೆ. ಬ್ರೇಕ್ ಶೂ ಸವೆದ್ರೆ ಕೆಲವು ನೂರು ರೂಪಾಯಿಲಿ ಮುಗೀತು. ಇಂಜಿನ್ ಕೆಲಸಕ್ಕೆ ಬಂದ್ರೆ ಸಾವಿರಗಟ್ಟಲೆ ಬೇಕು. ಕಮ್ಮಿ ದುಡ್ಡಿನದ್ದನ್ನ ಸವೆಸಬೇಕೋ, ಜಾಸ್ತಿ ದುಡ್ಡಿನದ್ದನ್ನೋ?" ಅಂದ.

ಕೇಳಕ್ಕೆ ನ್ಯಾಯ ಅನ್ನಿಸ್ತದೆ. ಅರ್ಧ ನ್ಯಾಯವೂ ಹೌದು. ಆ ಅರ್ಧ ಯಾವುದು ಅಂತ ಮುಂದೆ ಹೇಳ್ತೀನಿ. ಅದಕ್ಕೂ ಮೊದಲು, ಈ ವಿಷಯ ಬಂದ್ರೆ ನನ್ನ ದನಿ ಎಂತಕ್ಕೆ ಏರ್ತದೆ ಅಂತ ಹೇಳ್ಬಿಡ್ತೀನಿ. ಮುಚ್ಚಿಟ್ಟು ಬರೆದ್ರೆ ಅದು ಬರೀ ಉಪದೇಶ ಆಗ್ತದೆ.

ನನ್ನ ಮೊದಲ ಗಾಡಿ ಸೆಕೆಂಡ್ ಹ್ಯಾಂಡ್ ಸಿಡಿ 100. ಆಗ ಪೆಟ್ರೋಲು ಹಾಕ್ಸೋದು ಅರ್ಧ ಲೀಟರ್, ಒಂದು ಲೀಟರ್ ಲೆಕ್ಕದಲ್ಲಿ. ಇಳಿತ ಸಿಕ್ಕಿದ ಕೂಡಲೇ ನ್ಯೂಟ್ರಲ್ ಮಾಡೋದು, ಕೀ ಆಫ್ ಮಾಡೋದು, ಸದ್ದಿಲ್ಲದೆ ಜಾರಿಕೊಂಡು ಹೋಗೋದು. ಆಗುಂಬೆ ತುದಿಯಿಂದ ಕೆಳಗಿನ ಸೋಮೇಶ್ವರದವರೆಗೆ ಇಂಜಿನ್ ಸ್ಟಾರ್ಟ್ ಮಾಡದೇ ಇಳಿದದ್ದನ್ನ ಮದುವೆ ಮನೆಯ ಚಪ್ಪರದಲ್ಲಿ ಕೂತು ದೊಡ್ಡ ಸಾಹಸದ ಹಾಗೆ ಹೇಳಿಕೊಂಡಿದ್ದೇನೆ. ತಮ್ಮನಿಗೆ ಗಾಡಿ ಕಲಿಸಿದ್ದು ನಾನು. ಕ್ಲಚ್ಚು, ಗೇರು ಕಲಿಸಿದ ಹಾಗೇ ಇದನ್ನೂ ಕಲಿಸಿದೆ. "ಇಳಿತದಲ್ಲಿ ಎಂತಕ್ಕೆ ಪೆಟ್ರೋಲ್ ಸುಡೋದು ಮಾರಾಯ, ನ್ಯೂಟ್ರಲ್ ಮಾಡು" ಅಂತ. ಆ ಮಾತು ನನ್ನದೇ.

2011ರ ಅಕ್ಟೋಬರ್. ತಮ್ಮ ಮಗನನ್ನ ಹಿಂದೆ ಕೂರಿಸಿಕೊಂಡು, ಮುಂದೆ ಟ್ಯಾಂಕಿನ ಮೇಲೆ ಒಂದು ಚೀಲ ಇಟ್ಟುಕೊಂಡು ಕೆಳಗಿನ ನೆಂಟರ ಮನೆಗೆ ಹೊರಟಿದ್ದ. ಗಾಡಿ ನಾಲ್ಕು ಗೇರಿನ ಹಳೇ ಬೈಕು, ಎರಡೂ ಕಡೆ ಡ್ರಮ್ ಬ್ರೇಕು. ಮೇಲಿನಿಂದಲೇ ನ್ಯೂಟ್ರಲ್. ಹಿಂದಿನ ಬ್ರೇಕಿನ ಮೇಲೆ ಕಾಲು ಇಟ್ಟವನು ತೆಗೆದೇ ಇಲ್ಲ, ಒತ್ತಿಕೊಂಡೇ ಇಳಿದಿದ್ದಾನೆ. ಅರ್ಧ ಘಾಟಿ ದಾಟಿದ ಮೇಲೆ ಒಂದು ತಿರುವಿನಲ್ಲಿ ಕೆಳಗಿಂದ ಬಸ್ಸು ಬಂತು. ಪೆಡಲ್ ಒತ್ತಿದ್ರೆ ಕೆಳಗೆ ಹೋಯ್ತು, ಗಾಡಿ ನಿಲ್ಲಲಿಲ್ಲ. ಗಾಬರಿಯಲ್ಲಿ ಮುಂದಿನ ಬ್ರೇಕ್ ಒಟ್ಟಿಗೇ ಹಿಡಿದ. ಒದ್ದೆ ಎಲೆ ಬಿದ್ದಿದ್ದ ಜಾಗ, ಮುಂದಿನ ಚಕ್ರ ಜಾರಿ ಇಬ್ಬರೂ ತಡೆಗೋಡೆಗೆ ಹೋಗಿ ಬಡಿದ್ರು. ಗೋಡೆ ಇದ್ದದ್ದಕ್ಕೆ ಇವತ್ತು ಇಬ್ಬರೂ ಇದ್ದಾರೆ. ತಮ್ಮನ ಕಾಲಿಗೆ ರಾಡು ಬಂತು, ಆಗ ನಾಲ್ಕನೇ ಕ್ಲಾಸಲ್ಲಿದ್ದ ಹುಡುಗನ ಕೈ ಮುರೀತು.

ಆಸ್ಪತ್ರೆಯಲ್ಲಿ ಎಲ್ಲರೂ ರಸ್ತೆಗೆ ಬೈದ್ರು, ಬಸ್ಸಿಗೆ ಬೈದ್ರು. ಎಲ್ಲ ಹೊರಗೆ ಹೋದ ಮೇಲೆ ತಮ್ಮ ನನ್ನನ್ನ ಹತ್ತಿರ ಕರೆದು "ಅಣ್ಣ, ಗಾಡಿ ನ್ಯೂಟ್ರಲಲ್ಲಿತ್ತು" ಅಂದ. ಅಷ್ಟೇ. ನೀನು ಹೇಳಿಕೊಟ್ಟದ್ದು ಅಂತ ಅವನು ಅವತ್ತೂ ಹೇಳಲಿಲ್ಲ, ಇವತ್ತಿನವರೆಗೂ ಹೇಳಿಲ್ಲ. ಮೆಕ್ಯಾನಿಕ್ ಡ್ರಮ್ ಬಿಚ್ಚಿ ತೋರಿಸಿದಾಗ ಶೂ ಮೇಲ್ಮೈ ಕಪ್ಪಗೆ, ಗಾಜಿನ ಹಾಗೆ ಹೊಳೀತಿತ್ತು. ಉಜ್ಜಿ ಉಜ್ಜಿ ಕಾದು ಹಾಗಾಗಿತ್ತು.

ಜಗಲಿಯಲ್ಲಿ ನಕ್ಕವನು ಆ ಕೈ ಮುರಿದ ಹುಡುಗನೇ. ಈಗ ಇಪ್ಪತ್ತಮೂರು ವರ್ಷ. 150 ಸಿಸಿ ಗಾಡಿ, ಡಿಸ್ಕ್ ಬ್ರೇಕು, ಎಬಿಎಸ್ಸು. ಅವನ ಕಣ್ಣಲ್ಲಿ ಆ ಹಳೇ ಗಾಡಿ, ಹಳೇ ಬ್ರೇಕು ಕಾರಣ. ನನ್ನ ಕಣ್ಣಲ್ಲಿ ಆ ನ್ಯೂಟ್ರಲ್ ಕಾರಣ. ಹಾಗಾಗಿ ಇಷ್ಟು ಉದ್ದ ಬರೀತಿದ್ದೇನೆ.

ಮೊದಲು, ಇಂಜಿನ್ ಹಿಡಿಯೋದು ಅಂದ್ರೆ ಎಂತ?

ಎತ್ತಿನ ಗಾಡಿ ಹೊಡೆದವರಿಗೆ ಇದನ್ನ ಹೇಳೋದೇ ಬೇಡ. ಏರಿನಲ್ಲಿ ಎತ್ತು ಎಳೀತವೆ. ಇಳಿತದಲ್ಲಿ ಅದೇ ಎತ್ತು ಕಾಲು ಊರಿ, ನೊಗ ಹಿಂದಕ್ಕೆ ಒತ್ತಿ, ಗಾಡಿಯನ್ನ ತಡೆದು ಹಿಡೀತವೆ. ಗಾಲಿಗೆ ಒತ್ತುವ ಮರದ ತುಂಡು ಇದ್ದರೂ ಹಿಡಿಯುವ ಕೆಲಸದಲ್ಲಿ ದೊಡ್ಡ ಪಾಲು ಎತ್ತಿನದ್ದು. ಇಳಿತ ಬಂತು, ಇನ್ನು ಎಳೆಯೋದೇನೂ ಇಲ್ಲ ಅಂತ ನೊಗ ಕಳಚಿ ಎತ್ತನ್ನ ಬಿಟ್ಟು ಗಾಡಿಯನ್ನ ಹಾಗೇ ಉರುಳಿಸೋ ಮನುಷ್ಯ ಎಲ್ಲಾದರೂ ಇದ್ದಾನಾ? ನ್ಯೂಟ್ರಲ್ ಮಾಡೋದು ಅಂದ್ರೆ ಅದೇ. ನೊಗ ಕಳಚೋದು.

ಬೈಕಿನಲ್ಲಿ ನಡೆಯೋದು ಇಷ್ಟು. ಗೇರಿನಲ್ಲಿದ್ದು ಎಕ್ಸಲೇಟರ್ ಪೂರ್ತಿ ಬಿಟ್ಟರೆ ಇಂಜಿನ್ನಿಗೆ ಗಾಳಿ ಹೋಗುವ ಬಾಗಿಲು ಮುಚ್ಚಿಕೊಳ್ತದೆ. ಆದರೆ ಚಕ್ರ ತಿರುಗ್ತಾ ಇರ್ತದೆ, ಚೈನಿನ ಮೂಲಕ ಇಂಜಿನ್ನನ್ನೂ ತಿರುಗಿಸ್ತದೆ. ಪಿಸ್ಟನ್ ಮುಚ್ಚಿದ ಬಾಗಿಲಿನಿಂದ ಗಾಳಿ ಎಳೆಯಕ್ಕೆ ಹೆಣಗಾಡ್ತದೆ. ಮಕ್ಕಳ ಪಿಚಕಾರಿ ಬಾಯಿಗೆ ಬೆರಳು ಒತ್ತಿ ಹಿಡಿದು ಹಿಡಿಕೆ ಎಳೆದು ನೋಡಿ, ಎಷ್ಟು ಬಿಗಿ ಇರ್ತದೆ. ಆ ಬಿಗಿ, ಜೊತೆಗೆ ಇಂಜಿನ್ನಿನ ಒಳಗಿನ ಉಜ್ಜಾಟ, ಎರಡೂ ಸೇರಿ ಹಿಂದಿನ ಚಕ್ರವನ್ನ ಹಿಡೀತವೆ. ಗೇರು ಕೆಳಗಾದಷ್ಟೂ ಚಕ್ರದ ಒಂದು ಸುತ್ತಿಗೆ ಇಂಜಿನ್ ಜಾಸ್ತಿ ಸುತ್ತು ತಿರುಗಬೇಕು, ಹಾಗಾಗಿ ಹಿಡಿತವೂ ಜಾಸ್ತಿ. ನಾಲ್ಕನೇ ಗೇರಿನಲ್ಲಿ ಹೆಸರಿಗೆ ಮಾತ್ರ, ಎರಡನೆಯದರಲ್ಲಿ ಕೈ ಹಿಡಿದು ನಡೆಸಿದ ಹಾಗೆ.

ನಂಬಿಕೆ ಬರದಿದ್ರೆ ಪವರ್ ಟಿಲ್ಲರ್ ಓಡಿಸಿದವರನ್ನ ಕೇಳಿ. ಸಮ ಜಾಗದಲ್ಲಿ ಎಡಗೈ ಕ್ಲಚ್ ಒತ್ತಿದ್ರೆ ಟಿಲ್ಲರ್ ಎಡಕ್ಕೆ ತಿರುಗ್ತದೆ. ಕಡಿದಾದ ಇಳಿತದಲ್ಲಿ ಅದೇ ಎಡ ಕ್ಲಚ್ ಒತ್ತಿದ್ರೆ ಬಲಕ್ಕೆ ಹೋಗ್ತದೆ! ಹೊಸಬರು ಗದ್ದೆಗೆ ಇಳಿಸುವಾಗ ಬೀಳೋದು ಇದರಿಂದಲೇ. ಎಂತಕ್ಕೆ ಹಾಗೆ? ಇಳಿತದಲ್ಲಿ ಇಂಜಿನ್ ಎರಡೂ ಚಕ್ರವನ್ನ ಹಿಡಿದುಕೊಂಡಿರ್ತದೆ. ಎಡದ್ದನ್ನ ಬಿಟ್ಟ ಕೂಡಲೇ ಎಡ ಚಕ್ರ ಮುಂದೆ ಓಡ್ತದೆ, ಬಲದ್ದು ಹಿಡಿತದಲ್ಲೇ ಇರ್ತದೆ. ಇಂಜಿನ್ ಎಷ್ಟು ಗಟ್ಟಿಯಾಗಿ ಹಿಡೀತದೆ ಅನ್ನಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಈಗ ಬ್ರೇಕಿನ ಕಷ್ಟ ನೋಡೋಣ.

ಬ್ರೇಕು ಓಟವನ್ನ ಮಾಯ ಮಾಡೋದಿಲ್ಲ, ಬಿಸಿ ಮಾಡ್ತದೆ. ಎಷ್ಟು ಬಿಸಿ ಅಂತ ಮಗಳೇ ಒಂದು ಚೀಟಿಯಲ್ಲಿ ಲೆಕ್ಕ ಹಾಕಿ ಕೊಟ್ಟಳು. ನಾನು ಎಸ್‌ಎಸ್‌ಎಲ್‌ಸಿ, ಅವಳು ಬಿಎಸ್‌ಸಿ. ಗಾಡಿ, ಇಬ್ಬರು ಮನುಷ್ಯರು, ಒಂದು ಚೀಲ ಎಲ್ಲ ಸೇರಿ 250 ಕೆಜಿ ಅಂತ ಇಟ್ಟುಕೊಳ್ಳಿ. 500 ಮೀಟರ್ ಎತ್ತರದಿಂದ ಕೆಳಗೆ ಇಳೀಬೇಕು. ವೇಗ ಏರದ ಹಾಗೆ ನಿಧಾನಕ್ಕೆ ಇಳಿಸಿದ್ರೆ ಹುಟ್ಟುವ ಒಟ್ಟು ಬಿಸಿ ಸುಮಾರು 12 ಲಕ್ಷ ಜೂಲು. ಅಷ್ಟರಲ್ಲಿ ಹೆಚ್ಚುಕಮ್ಮಿ ನಾಲ್ಕು ಲೀಟರ್ ತಣ್ಣೀರನ್ನ ಕುದಿಯುವ ಮಟ್ಟಕ್ಕೆ ತರಬಹುದಂತೆ. ಗಾಳಿಗೆ, ಟಯರಿಗೆ ಸ್ವಲ್ಪ ಪಾಲು ಹೋಗ್ತದೆ, ಒಪ್ಪಿದೆ. ಉಳಿದದ್ದು? ನ್ಯೂಟ್ರಲಲ್ಲಿ ಇಳಿದ್ರೆ ಉಳಿದದ್ದೆಲ್ಲ ಅಂಗೈ ಅಗಲದ ಎರಡು ಶೂಗಳ ಮೇಲೆ, ಮುಚ್ಚಿದ ಡ್ರಮ್ಮಿನ ಒಳಗೆ. ನಾಲ್ಕು ಲೀಟರ್ ನೀರು ಕಾಯಿಸುವ ಬೆಂಕಿ ಅಲ್ಲಿ ಉರಿದ ಹಾಗೆ.

ಡ್ರಮ್ ಕಾದ್ರೆ ಹಿಗ್ಗಿ ಶೂನಿಂದ ದೂರ ಸರೀತದೆ. ಪೆಡಲ್ ಕೆಳಗೆ ಹೋಗ್ತದೆ. ಶೂ ಮೇಲಿನ ಲೈನಿಂಗ್ ಅತಿ ಕಾದ್ರೆ ಕಚ್ಚುವ ಗುಣ ಕಳ್ಕೊಳ್ತದೆ. ಅಂದ್ರೆ ನೀವು ಜೋರಾಗಿ ಒತ್ತುತ್ತೀರಿ, ಅದು ಕಮ್ಮಿ ಹಿಡೀತದೆ. ಡಿಸ್ಕ್ ಗಾಳಿಗೆ ತೆರೆದಿರೋದರಿಂದ ಬೇಗ ಆರ್ತದೆ, ಅದು ಖಂಡಿತ ಉತ್ತಮ. ಆದರೆ ಅದರ ಆಯಿಲ್ ವರ್ಷಗಟ್ಟಲೆ ಬದಲಿಸದೆ ನೀರಿನ ಪಸೆ ಹೀರಿಕೊಂಡಿದ್ರೆ, ಅತಿ ಬಿಸಿಗೆ ಅದೂ ಕುದ್ದು ಗುಳ್ಳೆ ಏಳ್ತದೆ. ಆಗ ಲಿವರ್ ಸ್ಪಂಜ್ ಹಿಡಿದ ಹಾಗೆ ಆಗ್ತದೆ. ನಮ್ಮ ಮಳೆಯಲ್ಲಿ ಎರಡು ವರ್ಷಕ್ಕೊಮ್ಮೆ ಆ ಆಯಿಲ್ ಬದಲಿಸ್ತೀರಾ? ನನಗೆ ಗೊತ್ತಿರುವ ಹತ್ತು ಜನರಲ್ಲಿ ಒಬ್ಬನೂ ಬದಲಿಸಿಲ್ಲ.

ತಮ್ಮನ ಮಗ ಎಬಿಎಸ್ ಅಂದ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಗಾಡಿಗೆ ಎಬಿಎಸ್, ಅದಕ್ಕಿಂತ ಚಿಕ್ಕದಕ್ಕೆ ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುವ ಸಿಬಿಎಸ್ ಆದರೂ ಕಡ್ಡಾಯ ಆಯ್ತು. ಎರಡೂ ಒಳ್ಳೆಯದು, ಎಷ್ಟೋ ಜನರ ಜೀವ ಉಳಿಸ್ತದೆ. ಆದರೆ ಎಬಿಎಸ್ ಮಾಡೋದು ಎಂತ? ಬ್ರೇಕ್ ಗಟ್ಟಿ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳೋದು. ಕಾದ ಬ್ರೇಕನ್ನ ತಣ್ಣಗೆ ಮಾಡೋದು ಅದರ ಕೆಲಸ ಅಲ್ಲ.

ಇನ್ನು ಅವನ ದೊಡ್ಡ ಪ್ರಶ್ನೆ, ಇಂಜಿನ್ ಸವೆತ. ಎಕ್ಸಲೇಟರ್ ಬಿಟ್ಟು ಗೇರಿನಲ್ಲಿ ಇಳಿದ್ರೆ ಇಂಜಿನ್ ಹಾಳಾಗೋದಿಲ್ಲ. ಎರಡನೇ ಗೇರಿನಲ್ಲಿ ಘಾಟಿ ಹತ್ತುವಾಗ ಅದು ಎಷ್ಟು ತಿರುಗ್ತದೋ ಅದೇ ವೇಗದಲ್ಲಿ ಇಳಿಯುವಾಗಲೂ ಅಷ್ಟೇ ತಿರುಗ್ತದೆ. ಮೇಲಾಗಿ ಹತ್ತುವಾಗ ಇರುವ ಬೆಂಕಿಯ ಬಿಸಿಯೂ ಇಲ್ಲ. ಫೋರ್ ಸ್ಟ್ರೋಕ್ ಇಂಜಿನ್ನಿಗೆ ಆಯಿಲ್ ಒಳಗೇ ಪಂಪ್ ಆಗ್ತಾ ಇರ್ತದೆ. ಹಿಂದೆ ಟೂ ಸ್ಟ್ರೋಕ್ ಕಾಲದಲ್ಲಿ ಈ ಭಯಕ್ಕೆ ಕಾರಣ ಇತ್ತು. ಅದರಲ್ಲಿ ಆಯಿಲ್ ಬರೋದೇ ಪೆಟ್ರೋಲಿನ ಜೊತೆ. ಎಕ್ಸಲೇಟರ್ ಮುಚ್ಚಿಕೊಂಡು ಉದ್ದಕ್ಕೆ ಇಳಿದ್ರೆ ಪಿಸ್ಟನ್ನಿಗೆ ಆಯಿಲ್ ಕಮ್ಮಿ ಆಗ್ತಿತ್ತು. ಅದಕ್ಕೇ ಹಳಬರು ನಡುನಡುವೆ ಒಂದೊಂದು ಸಲ ಎಕ್ಸಲೇಟರ್ ಕೊಟ್ಟು ಇಳೀತಿದ್ರು. ಈಗಲೂ ಯಾರ ಮನೆಯಲ್ಲಾದ್ರೂ ಟೂ ಸ್ಟ್ರೋಕ್ ಇದ್ರೆ ಹಾಗೇ ಮಾಡಿ. ಅದರಲ್ಲಿ ಇಂಜಿನ್ ಹಿಡಿತವೂ ಕಮ್ಮಿ, ನೆನಪಿರಲಿ.

ಸವೆಯೋದು ಯಾವಾಗ ಅಂದ್ರೆ, ಅರವತ್ತರಲ್ಲಿ ಬಂದವನು ಬ್ರೇಕ್ ಮುಟ್ಟದೆ ಟಕಟಕ ಅಂತ ಎರಡನೇ ಗೇರಿಗೆ ಇಳಿಸಿ ಕ್ಲಚ್ ಒಮ್ಮೆಲೇ ಬಿಟ್ಟರೆ. ಇಂಜಿನ್ ಕಿರಿಚ್ತದೆ, ಚೈನಿಗೆ ಪೆಟ್ಟು, ಕ್ಲಚ್ ಪ್ಲೇಟಿಗೆ ಪೆಟ್ಟು, ಹಿಂದಿನ ಚಕ್ರ ಒಂದು ಕ್ಷಣ ಲಾಕ್ ಆದ ಹಾಗೆ ಜಾರ್ತದೆ. ಇದನ್ನ ತಮ್ಮನ ಮಗ ಬೈದದ್ದಾದ್ರೆ ನಾನೂ ಅವನ ಪಕ್ಷ. ನಾನು ಮೊದಲು ಹೇಳಿದ ಅರ್ಧ ನ್ಯಾಯ ಇದೇ. ಬಂದ ವೇಗ ಕಮ್ಮಿ ಮಾಡಬೇಕಾದದ್ದು ಬ್ರೇಕು. ಕಮ್ಮಿ ಆದ ವೇಗವನ್ನ ಏರದ ಹಾಗೆ ಹಿಡಿದುಕೊಳ್ಳಬೇಕಾದದ್ದು ಇಂಜಿನ್ನು.

ಅದಕ್ಕೇ ಸಮತಟ್ಟು ರಸ್ತೆಯಲ್ಲಿ ಇಂಜಿನ್ ಬ್ರೇಕ್ ಅಂತ ಶೋಕಿ ಮಾಡೋರ ಮಾತೂ ನನಗೆ ಒಪ್ಪಿಗೆ ಇಲ್ಲ. ಕೆಲವರು ಇದ್ದಾರೆ, ಬ್ರೇಕ್ ಮುಟ್ಟೋದೇ ಅವಮಾನ ಅಂದುಕೊಂಡವರು. ಬರೀ ಗೇರಿನಲ್ಲೇ ನಿಲ್ಲಿಸ್ತೀನಿ ಅಂತಾರೆ. ಅದರಲ್ಲಿ ಮೂರು ದೋಷ ಇದೆ. ಒಂದು, ಗೇರು ಇಳಿಸಿದ್ರೆ ಹಿಂದಿನ ಕೆಂಪು ಲೈಟು ಹತ್ತೋದಿಲ್ಲ. ನಿಮ್ಮ ಹಿಂದೆ ಬರೋ ಪಿಕಪ್ಪಿನವನಿಗೆ ನೀವು ನಿಧಾನ ಮಾಡಿದ್ದು ಗೊತ್ತಾಗೋದೇ ಇಲ್ಲ, ಅದೂ ಮಂಜಿನಲ್ಲಿ. ಇಂಜಿನ್ನಲ್ಲಿ ಹಿಡಿದಾಗಲೂ ಬ್ರೇಕ್ ಲಿವರನ್ನ ಲೈಟು ಹತ್ತುವಷ್ಟು ಮುಟ್ಟಿ ಬಿಡಿ. ಎರಡು, ಇಂಜಿನ್ ಹಿಡಿಯೋದು ಹಿಂದಿನ ಚಕ್ರ ಒಂದನ್ನೇ. ಗಾಡಿ ನಿಲ್ಲಿಸುವ ನಿಜವಾದ ಶಕ್ತಿ ಮುಂದಿನ ಚಕ್ರದಲ್ಲಿದೆ, ಯಾಕಂದ್ರೆ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ವಾಲ್ತದೆ. ಮೂರು, ಹೊತ್ತು. 40 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗ್ತದೆ. ಕರು ಅಡ್ಡ ಬಂದಾಗ ಗೇರು ಹುಡುಕ್ತಾ ಕೂತ್ರೆ ಕರುವೂ ಹೋಯ್ತು, ನೀವೂ ಹೋದ್ರಿ. ಅಲ್ಲಿ ಎರಡೂ ಬ್ರೇಕು, ಕ್ಲಚ್ಚು, ಅಷ್ಟೇ.

ಪೆಟ್ರೋಲಿನ ಲೆಕ್ಕವನ್ನೂ ಮುಗಿಸಿಬಿಡ್ತೀನಿ, ಯಾಕಂದ್ರೆ ನ್ಯೂಟ್ರಲ್ ಚಟಕ್ಕೆ ಬೇರು ಅದೇ. 2020ರ ಏಪ್ರಿಲ್ ನಂತರ ಬಂದ ಬಿಎಸ್ 6 ಗಾಡಿಗಳು ಹೆಚ್ಚುಕಮ್ಮಿ ಎಲ್ಲ ಇಂಜೆಕ್ಷನ್ನಿನವು. ಗೇರಿನಲ್ಲಿದ್ದು ಎಕ್ಸಲೇಟರ್ ಪೂರ್ತಿ ಬಿಟ್ಟು ಇಳಿಯುವಾಗ ಇಂಜಿನ್ ಸಾಕಷ್ಟು ತಿರುಗ್ತಿದ್ರೆ ಅವು ಪೆಟ್ರೋಲನ್ನೇ ನಿಲ್ಲಿಸಿಬಿಡ್ತವೆ. ಚಕ್ರವೇ ಇಂಜಿನ್ ತಿರುಗಿಸ್ತಿದೆ, ಪೆಟ್ರೋಲ್ ಎಂತಕ್ಕೆ? ಅದೇ ನ್ಯೂಟ್ರಲ್ ಮಾಡಿದ್ರೆ ಇಂಜಿನ್ ಸ್ವಂತ ಉಸಿರಿನಲ್ಲಿ ಬದುಕಬೇಕು, ಐಡಲಿಗೆ ಪೆಟ್ರೋಲ್ ಬೇಕೇ ಬೇಕು. ಅಂದ್ರೆ ಹೊಸ ಗಾಡಿಯಲ್ಲಿ ನ್ಯೂಟ್ರಲ್ ಮಾಡಿದವನು ಪೆಟ್ರೋಲ್ ಉಳಿಸ್ತಿಲ್ಲ, ಖರ್ಚು ಮಾಡ್ತಿದ್ದಾನೆ!

ಹಳೇ ಕಾರ್ಬೊರೇಟರ್ ಗಾಡಿಯಲ್ಲಿ ಇಂಜಿನ್ ಆಫ್ ಮಾಡಿ ಜಾರಿದ್ರೆ ಸ್ವಲ್ಪ ಉಳೀತದೆ, ಸುಳ್ಳು ಹೇಳಲ್ಲ. ಕಾಲು ಗಂಟೆ ಗಾಡಿ ಸುಮ್ಮನೆ ಐಡಲಿನಲ್ಲಿ ನಿಂತ್ರೆ ಎಷ್ಟು ಕುಡಿದೀತು? ಒಂದು ಲೋಟ ಚಾದ ದುಡ್ಡೂ ಆಗಲ್ಲ. ಅದಕ್ಕೆ ಪ್ರತಿಯಾಗಿ, ಅನೇಕ ಹಳೇ ಗಾಡಿಗಳಲ್ಲಿ ಇಂಜಿನ್ ನಿಂತ್ರೆ ಹೆಡ್‌ಲೈಟೂ ಹೋಗ್ತದೆ. ಮಂಜಿನ ತಿರುವಿನಲ್ಲಿ ಎದುರಿನವನಿಗೆ ನೀವು ಕಾಣೋದೇ ಇಲ್ಲ. ಇನ್ನು ಕೆಲವರು ಗೇರಿನಲ್ಲೇ ಇಟ್ಟು ಕೀ ಆಫ್ ಮಾಡ್ತಾರೆ. ಕಾರ್ಬೊರೇಟರ್ ಗಾಡಿ ಆಗಲೂ ಪೆಟ್ರೋಲ್ ಎಳೀತಾ ಇರ್ತದೆ, ಸುಡದೆ ಸೈಲೆನ್ಸರಿಗೆ ಹೋಗಿ ತುಂಬ್ತದೆ. ಮತ್ತೆ ಕೀ ಆನ್ ಮಾಡಿದ ಕೂಡಲೇ ಢಂ. ಹುಡುಗರಿಗೆ ಅದು ಮಜಾ, ಸೈಲೆನ್ಸರಿಗೆ ಅಲ್ಲ.

ಹಾಗಾದ್ರೆ ಇಳಿಯೋದು ಹೇಗೆ? ನಾನು ಈಗ ಮಾಡೋದನ್ನ ಹೇಳ್ತೀನಿ.

ಘಾಟಿಯ ತಲೆಯಲ್ಲೇ, ಇಳಿತ ಶುರು ಆಗೋ ಮೊದಲೇ ಗೇರು ಇಳಿಸ್ತೇನೆ. ಲಾರಿಯವರ ಹಳೇ ಮಾತೊಂದಿದೆ, ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಅಂತ. ನನ್ನ 100 ಸಿಸಿ ಗಾಡಿಗೆ ಇಬ್ಬರಿದ್ರೆ ಅದು ಎರಡನೇ ಗೇರು, ತೀರಾ ಕಡಿದು ತಿರುವಿನಲ್ಲಿ ಒಂದನೆಯದು. ಇಂಜಿನ್ ಗುಂಯ್ ಅನ್ತದೆ, ಅನ್ನಲಿ. ವೇಗ ಏರ್ತಾ ಬಂದ್ರೆ ತಿರುವಿಗೆ ಮೊದಲು, ಗಾಡಿ ನೆಟ್ಟಗಿರುವಾಗಲೇ, ಎರಡೂ ಬ್ರೇಕ್ ಒಟ್ಟಿಗೆ ಹಿಡಿದು ವೇಗ ಇಳಿಸ್ತೇನೆ. ಆಮೇಲೆ ಬ್ರೇಕ್ ಪೂರ್ತಿ ಬಿಡ್ತೇನೆ. ಕಾಲು ಪೆಡಲಿನ ಮೇಲೆ ಸುಮ್ಮನೆ ಇಟ್ಟುಕೊಂಡಿರೋ ಅಭ್ಯಾಸ ಬಿಟ್ಟಿದ್ದೇನೆ. ತಮ್ಮನಿಗೆ ಆದದ್ದು ಆ ಒತ್ತಿದ ಕಾಲಿನಿಂದ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡಿದ್ರೆ ನಡುವೆ ಬ್ರೇಕಿಗೆ ಉಸಿರಾಡಕ್ಕೆ ಆಗ್ತದೆ. ತಿರುವಿನ ಒಳಗೆ ವಾಲಿದಾಗ ಕ್ಲಚ್ ಹಿಡಿಯೋದಿಲ್ಲ, ಗೇರ್ ಬದಲಿಸೋದಿಲ್ಲ. ಕ್ಲಚ್ ಹಿಡಿದ್ರೆ ಅದೂ ನ್ಯೂಟ್ರಲ್ ಮಾಡಿದ ಹಾಗೇ. ಕೆಳಗಿಂದ ಬಸ್ಸು ಬಂದ್ರೆ ಏರುವವರಿಗೆ ಮೊದಲು ದಾರಿ.

ಒದ್ದೆ ರಸ್ತೆ, ಪಾಚಿ, ಎಲೆ ಇದ್ದಲ್ಲಿ ಗೇರು ಇಳಿಸಿದ್ರೆ ಕ್ಲಚ್ಚನ್ನ ನಿಧಾನಕ್ಕೆ ಬಿಡಬೇಕು. ಇಲ್ಲದಿದ್ರೆ ಹಿಂದಿನ ಚಕ್ರ ಜಾರ್ತದೆ. ಇಂಜಿನ್ ಹಿಡಿತ ಒಳ್ಳೆಯದು ಅಂತ ಅಲ್ಲಿ ಎಳೆದಾಡಬಾರದು. ಹಳ್ಳ ದಾಟಿದ ಮೇಲೆ ಡ್ರಮ್ಮಿಗೆ ನೀರು ಹೋಗಿರ್ತದೆ, ಸ್ವಲ್ಪ ದೂರ ಮೆತ್ತಗೆ ಬ್ರೇಕ್ ಹಿಡಿದು ಒಣಗಿಸಿಕೊಳ್ಳಿ. ಸುಟ್ಟ ವಾಸನೆ ಬಂತೋ, ಪೆಡಲ್ ದಿನಕ್ಕಿಂತ ಕೆಳಗೆ ಹೋಯ್ತೋ, ಅಲ್ಲೇ ಬದಿಗೆ ನಿಲ್ಲಿಸಿ ಹತ್ತು ಹದಿನೈದು ನಿಮಿಷ ಕೂತ್ಕೊಳ್ಳಿ. ಬಿಸಿ ಡ್ರಮ್ಮಿಗೆ, ಡಿಸ್ಕಿಗೆ ನೀರು ಸುರಿಯಬೇಡಿ, ತಾನಾಗಿ ಆರಲಿ. ಮುಂದಿನ ಬ್ರೇಕ್ ಅಂದ್ರೆ ಹೆದರುವವರು ನಮ್ಮ ಕಡೆ ತುಂಬಾ ಜನ. ಅಡಿಕೆ ಇಲ್ಲದ ಹೊತ್ತಿನಲ್ಲಿ ಒಣ ಅಂಗಳದಲ್ಲಿ, ಇಪ್ಪತ್ತರ ವೇಗದಲ್ಲಿ ಮೆತ್ತಗೆ ಹಿಂಡಿ ಅಭ್ಯಾಸ ಮಾಡಿ. ಗಾಬರಿಯಲ್ಲಿ ಮೊದಲ ಸಲ ಹಿಡಿಯೋದು ಬೇಡ.

ಈಗ ಮಗಳ ಸ್ಕೂಟರಿಗೆ ಬರ್ತೀನಿ. ಇಲ್ಲಿ ನನ್ನ ವಾದ ಸ್ವಲ್ಪ ಕುಂಟ್ತದೆ, ಅದನ್ನೂ ಒಪ್ಪಿಕೊಳ್ಳಬೇಕು. ಗೇರಿಲ್ಲದ ಸ್ಕೂಟರಿಗೆ ಕೆಳಗಿನ ಗೇರು ಅಂತ ಹಾಕಕ್ಕೆ ಬರೋದಿಲ್ಲ. ಅದರ ಕ್ಲಚ್ಚು ತಾನೇ ಹಿಡಿಯೋದು, ತಾನೇ ಬಿಡೋದು. ಎಕ್ಸಲೇಟರ್ ಬಿಟ್ಟಾಗ ಒಂದು ಮಟ್ಟದ ವೇಗದವರೆಗೆ ಇಂಜಿನ್ ಸ್ವಲ್ಪ ಹಿಡೀತದೆ. ವೇಗ ತೀರಾ ಕಮ್ಮಿ ಆದ್ರೆ ಕ್ಲಚ್ ಬಿಟ್ಟುಕೊಳ್ತದೆ, ಆಗ ಅದು ನ್ಯೂಟ್ರಲ್ಲೇ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಇಳಿತದ ತಲೆಯಲ್ಲಿ ನಿಲ್ಲಿಸಿ, ಎಕ್ಸಲೇಟರ್ ಕೊಡದೆ ಹಾಗೇ ಜಾರಲು ಬಿಟ್ಟರೆ ಕ್ಲಚ್ ಹಿಡಿದೇ ಇರೋದಿಲ್ಲ. ಗಾಡಿ ವೇಗ ಏರಿಸಿಕೊಳ್ತಾ ಹೋದ್ರೂ ಇಂಜಿನ್ ಸುಮ್ಮನೆ ಕೂತಿರ್ತದೆ. ಹೊರಡುವಾಗ ಒಂದು ಸಲ ಮೆತ್ತಗೆ ಎಕ್ಸಲೇಟರ್ ಕೊಟ್ಟು ಕ್ಲಚ್ ಹಿಡಿಸಿ ಬಿಟ್ಟರೆ, ಆಮೇಲೆ ಹಿಡಿತ ಗೊತ್ತಾಗ್ತದೆ. ಡೈರಿಗೆ ಹಾಲು ಹೊರುವ ಎಕ್ಸೆಲ್ ಗಾಡಿಗೂ ಇದೇ ಮಾತು.

ಆದರೂ ಸ್ಕೂಟರಿನಲ್ಲಿ ಹೆಚ್ಚಿನ ಭಾರ ಬ್ರೇಕಿನ ಮೇಲೇ. ಹಾಗಾಗಿ ಅವಳಿಗೆ ನನ್ನ ಕರಾರು ಹೀಗಿದೆ. ಮೊದಲ ತಿರುವಿನಿಂದಲೇ ನಿಧಾನ. ಎರಡೂ ಲಿವರ್ ಒಟ್ಟಿಗೆ, ಹಿಡಿದು ಬಿಟ್ಟು. ನಡುದಾರಿಯಲ್ಲಿ ಒಂದು ಕಡೆ ಅಗಲ ಜಾಗ ನೋಡಿ ಹತ್ತು ನಿಮಿಷ ನಿಲ್ಲಬೇಕು. ಹಿಂದೆ ಯಾರನ್ನೂ ಕೂರಿಸಿಕೊಂಡು, ಕಾಲ ಬಳಿ ತೆಂಗಿನಕಾಯಿ ಚೀಲ ಇಟ್ಟುಕೊಂಡು ಇಳಿಯೋ ಹಾಗಿಲ್ಲ. ಜೋರು ಮಳೆ, ಮಂಜು ಇದ್ದ ದಿನ ಬಸ್ಸು. "ಅಪ್ಪಯ್ಯ, ನೀವು ಹೇಳಿದ ಇಂಜಿನ್ ಬ್ರೇಕು ನನ್ನ ಗಾಡಿಗೆ ಅರ್ಧವೂ ಬರಲ್ಲ, ಮತ್ತೆ ಇಷ್ಟು ಗಲಾಟೆ ಎಂತಕ್ಕೆ?" ಅಂದಳು. ಗಲಾಟೆ ಅದಕ್ಕೇ ಮಗಾ. ಹಿಡಿಯಕ್ಕೆ ಎತ್ತು ಇಲ್ಲದ ಗಾಡಿ ಅಂತ ಗೊತ್ತಿದ್ದು ಇಳಿಯೋದು ಬೇರೆ, ಗೊತ್ತಿಲ್ಲದೆ ಇಳಿಯೋದು ಬೇರೆ.

ನನ್ನ ಅಭಿಪ್ರಾಯ ಇಷ್ಟೇ. ಇಂಜಿನ್ನಾ ಬ್ರೇಕಾ ಅಂತ ಜಗಳ ಮಾಡೋದೇ ತಪ್ಪು. ಇಬ್ಬರಿಗೂ ಬೇರೆ ಬೇರೆ ಕೆಲಸ. ಇಳಿತದ ಉದ್ದಕ್ಕೂ ಭಾರ ಹಿಡಿಯೋದು ಇಂಜಿನ್ ಮಾಡಲಿ. ಬ್ರೇಕು ತಣ್ಣಗಿರಲಿ, ಕರು ಅಡ್ಡ ಬಂದಾಗ, ಬಸ್ಸು ಎದುರಾದಾಗ ಅದು ಬೇಕು. ದಾರಿಯುದ್ದಕ್ಕೂ ಅದನ್ನೇ ಉಜ್ಜಿ ಬೇಯಿಸಿದ್ರೆ ಬೇಕಾದ ಹೊತ್ತಿಗೆ ಅದು ಇರೋದಿಲ್ಲ. ಇನ್ನೂರೋ ಮುನ್ನೂರೋ ರೂಪಾಯಿಯ ಶೂ ಅಗ್ಗ ಅಂತ ತಮ್ಮನ ಮಗ ಹೇಳಿದ. ಶೂ ಅಗ್ಗವೇ. ಅದು ಕೈಕೊಟ್ಟ ದಿನದ ಬಿಲ್ಲು ನಮ್ಮ ಮನೆಯ ಗೋದ್ರೇಜಿನಲ್ಲಿ ಇನ್ನೂ ಇದೆ, ಅದು ಅಗ್ಗ ಇರಲಿಲ್ಲ.

ವಾದ ನಡೆಯುವಷ್ಟು ಹೊತ್ತೂ ತಮ್ಮ ಜಗಲಿಯ ಕೊನೆಯಲ್ಲಿ ಕೂತು ಎಲೆಗೆ ಸುಣ್ಣ ಹಚ್ತಿದ್ದ, ಒಂದು ಮಾತೂ ಆಡಲಿಲ್ಲ. ನಾವು ಕಾಫಿಗೆ ಒಳಗೆ ಹೋಗಿ ಬರುವಷ್ಟರಲ್ಲಿ ಅವನು ಅಂಗಳದಲ್ಲಿ ಸ್ಕೂಟರಿನ ಪಕ್ಕ, ರಾಡಿನ ಕಾಲು ಉದ್ದಕ್ಕೆ ಚಾಚಿ ಕೂತಿದ್ದ. ಹಿಂದಿನ ಬ್ರೇಕಿನ ನಟ್ಟು ಎರಡು ಸುತ್ತು ಬಿಗಿ ಮಾಡಿ, ಲಿವರ್ ಹಿಂಡಿ ನೋಡಿ, ಚಕ್ರ ಸಲೀಸು ತಿರುಗ್ತದಾ ಅಂತ ಕೈಯಲ್ಲಿ ತಿರುಗಿಸಿ ಎದ್ದ. ಮಗನ ಕಡೆ ನೋಡಿ "ನಿಂದೂ ತಾ ಇಲ್ಲಿ" ಅಂದ. ಹುಡುಗ ಮಾತಾಡದೆ ಗಾಡಿ ತಂದು ನಿಲ್ಲಿಸಿದ.

ಮಗಳ ಮೊದಲ ಇಳಿತಕ್ಕೆ ನಾನು ನನ್ನ ಗಾಡಿಯಲ್ಲಿ ಹಿಂದೆ ಹೋಗ್ತೀನಿ, ಎರಡನೇ ಗೇರಿನಲ್ಲಿ.

ನೀವೂ ನಾಳೆ ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಪೆಡಲ್ ಒಂದು ಸಲ ಒತ್ತಿ ನೋಡಿ. ಹಿಂದಿನ ಡ್ರಮ್ಮಿನ ಮೇಲೆ ಸವೆತ ತೋರಿಸುವ ಬಾಣದ ಗುರುತು ಇದ್ರೆ ಅದು ಎಲ್ಲಿಗೆ ಬಂದಿದೆ ನೋಡಿ. ನಿಮ್ಮ ಹುಡುಗರಿಗೆ ಯಾರಾದ್ರೂ ನ್ಯೂಟ್ರಲ್ ಪಾಠ ಹೇಳಿಕೊಟ್ಟಿದ್ರೆ, ನೀವೇ ಹೇಳಿಕೊಟ್ಟಿದ್ರೂ ಸರಿ, ಇವತ್ತೇ ಕರೆದು ಅದು ತಪ್ಪು ಅಂತ ಹೇಳಿ. ನಾನು ಹೇಳಿದ್ದು ತಡ ಆಯ್ತು.

ಮುಂದಿನ ವಾರ ಬೋರ್ಡೋ, ಖಂಡಿತ.